ಲಿಫ್ಟ್ ಮಾಮನ ಕತ್ತಲೆ

ಇಲ್ಲಪ್ಪ, ಮೇಲೆ ಯಾರೂ ಇಲ್ಲ. ಕುರ್ಚಿ ಸದ್ದಾ? ನನಗೇನೂ ಕೇಳಿಸ್ಲಿಲ್ಲ... ಹಳೇ ಮನೆ, ಮರದ ಅಟ್ಟ, ಬಿಸಿಲಿಗೆ ಕಿರ್ ಅನ್ನುತ್ತೆ. ಬೆರಳು ಇಳಿಸು ಅಪ್ಪ. ಹಂಗೆ ಮೇಲೆ ತೋರಿಸ್ತಾ ಇದ್ರೆ ನನಗೂ ಒಂಥರಾ ಆಗುತ್ತೆ. ಅಣ್ಣನ ಕುರ್ಚಿ ಅಣ್ಣ ಇಲ್ದೆ ಯಾಕೆ ಸದ್ದು ಮಾಡುತ್ತೆ? ಅವನು ದೂರದ ಊರಲ್ಲಿ ಕೆಲಸದಲ್ಲಿ ಮುಳುಗಿಹೋಗಿದಾನೆ. ಹೇಳಿದೀನಲ್ಲ, ಹತ್ತು ಸಲ!

ದಿಂಬು ಎತ್ತರ ಮಾಡ್ಲಾ? ಇರು, ಇರು. ಹಾಂ. ಡಾಕ್ಟರ್ ಏನಂದಿದಾರೆ? ಮನಸ್ಸಿಗೆ ಏನೂ ತಾಗಬಾರದು, ಇನ್ನೊಂದು ಸಲ ಹೀಗಾದ್ರೆ ಉಳಿಸಿಕೊಳ್ಳೋದು ಕಷ್ಟ ಅಂತ. ಮಾತು ಹೋಯ್ತು, ಬಲಗೈ ಹೋಯ್ತು... ಹೋದ್ರೆ ಹೋಗ್ಲಿ ಬಿಡು. ಬೈಯೋಕೆ ನಿನಗೆ ಕಣ್ಣೇ ಸಾಕು.

ನೋಡಿಲ್ಲಿ! ಅಣ್ಣನ ಒಂದು ವರ್ಷದ ಬೆಳೆ, ಅಷ್ಟೂ ಕಾಮಿಕ್ಸ್ ಪುಸ್ತಕ, ಪೂರ್ತಿ ನಿನ್ನ ಹಾಸಿಗೆ ಮೇಲೆ. ಪ್ರಕಾಶಕರಿಲ್ಲ, ಕಂಪನಿ ಇಲ್ಲ. ಕತೆ ಕಟ್ಟೋನೂ ಅವನೇ, ಚಿತ್ರ ಬರೆಯೋನೂ ಅವನೇ, ಅಚ್ಚಿಗೆ ಕೊಡೋನೂ ಅವನೇ. ಸ್ಟೇಪ್ಲರ್ ಹೊಡೆದು ಬೆರಳು ಚುಚ್ಚಿಸಿಕೊಳ್ಳೋಕೆ ಮಾತ್ರ ತಂಗಿ!

ಇದು ಮೊದಲನೇದು, ಲಿಫ್ಟ್ ಮಾಮ. ಇಲ್ಲದ ಮಹಡಿಗೆ ಜನರನ್ನ ಇಳಿಸಿ ಬರ್ತಾನಲ್ಲ, ಅವನು. ಇದು ಎರಡನೇದು, ಒಂದೇ ಹಾಳೆ ಮಡಚಿ ಮಾಡಿದ್ದು. ಜೆರಾಕ್ಸ್ ಅಂಗಡಿ ಬೆಕ್ಕು. ಯಂತ್ರ ಬೆಚ್ಚಗಿದೆ ಅಂತ ಅದರ ಮೇಲೇ ಮಲಗುತ್ತೆ, ಊರವರ ಮಾರ್ಕ್ಸ್ ಕಾರ್ಡಿನ ಮೇಲೆಲ್ಲ ಬಾಲ! ನಕ್ಕೆ... ನಾನು ನೋಡಿದೆ, ನೀನು ನಕ್ಕೆ! ಆ ಬಾಲಕ್ಕೆ ನಾನು ಎಷ್ಟು ಹಾಳೆ ಹರಿದೆ ಅಂದ್ರೆ...

ಅವನು. ಅವನು ಹರಿದ. ಫೋನಲ್ಲಿ ಹೇಳ್ದ.

ಯಾಕೆ ಹಂಗೆ ನೋಡ್ತೀಯ? ಬಾಯಿ ತಪ್ಪಿತು ಅಷ್ಟೆ.

ಇದನ್ನ ನೋಡು. ಮಾತೇ ಇಲ್ಲದ ಪುಸ್ತಕ, ಒಂದು ತಿಂಗಳು ದಿನಕ್ಕೊಂದು ಪುಟ ಅಂತ ಹಟ ಹಿಡಿದು ಮಾಡಿದ್ದು. ಕ್ಷೌರದಂಗಡಿ. ಅಂಗಡೀಲಿ ಕಾಯ್ತಾ ಕೂತಿರೋರು ಮೂರು ಜನ, ಕನ್ನಡೀಲಿ ನಾಲ್ಕು. ಆ ನಾಲ್ಕನೆಯವನು ಕತೇಲಿ ಇರಲೇ ಇಲ್ವಂತೆ ಅಪ್ಪ. ಮೂರೇ ಜನ ಅಂದ್ಕೊಂಡು ಪೆನ್ಸಿಲ್ ಹಾಕಿದ್ದು. ಇಂಕ್ ಹಾಕೋಕೆ ಕೂತರೆ ನಾಲ್ಕು... ಅಳಿಸಿದ್ರೆ ಮಾರನೇ ದಿನದ ಪುಟದಲ್ಲಿ ಮತ್ತೆ ನಾಲ್ಕು! ಕೊನೆಗೆ ಇರ್ಲಿ ಬಿಡು, ಕೂತ್ಕೋ ಅಂತ ಬಿಟ್ಟುಬಿಟ್ಟೆ... ಬಿಟ್ಟುಬಿಟ್ನಂತೆ. ಮೈ ಜುಮ್ಮನ್ನಲ್ವಾ? ನನಗಂತೂ ಹಗಲು ಹೊತ್ತಲ್ಲೇ ಜುಮ್ಮನ್ನುತ್ತೆ.

ಆಮೇಲೆ ಕಾಮಿಕ್ಸ್ ಸಂತೆ. ದೊಡ್ಡ ಹಾಲ್, ಸಾಲು ಸಾಲು ಮೇಜು, ನಮಗೆ ಸಿಕ್ಕಿದ್ದು ಶೌಚಾಲಯದ ಪಕ್ಕ. ನಮ್ಮ ಅದೃಷ್ಟ! ಅಣ್ಣನ ನಾಚಿಕೆ ನಿನಗೆ ಗೊತ್ತಲ್ಲ, ಅವನು ಬರಲಿಲ್ಲ. ನಾನೇ ಕೂತೆ. ಅವನ ಸ್ವೆಟರ್ ಹಿಂದಿನ ಕುರ್ಚಿಗೆ ಹಾಕಿದ್ದೆ... ಚಳಿ ಇತ್ತು, ಅದಕ್ಕೆ ತಂದಿದ್ದೆ. ಒಬ್ಬಳು ಪುಟ್ಟ ಹುಡುಗಿ ಬೆಕ್ಕಿನ ಪುಸ್ತಕ ತಗೊಂಡ್ಳು. ಸೈನ್ ಮಾಡಿ ಅಂದ್ಳು, ಮಾಡಿದೆ. ಆಮೇಲೆ ಕೇಳ್ತಾಳೆ, ‘ಅಕ್ಕಾ, ಹಿಂದೆ ಕೂತಿರೋರು ಸೈನ್ ಮಾಡಲ್ವಾ?’

ತಿರುಗಿ ನೋಡಲಿಲ್ಲ ಅಪ್ಪ. ಧೈರ್ಯ ಬರಲಿಲ್ಲ. ಅವರಿಗೆ ಕೈ ನೋವು ಪುಟ್ಟಾ ಅಂದೆ.

ಅಳ್ತಾ ಇಲ್ಲ! ಯಾರು ಅಳ್ತಿರೋದು? ಈ ಇಂಕು ಕಣ್ಣಿಗೆ ಆಗಿಬರಲ್ಲ... ಪುಸ್ತಕದ ಇಂಕು, ಹೊಸ ಅಚ್ಚಿನ ವಾಸನೆ. ನನ್ನ ಕೈಗಾ? ಇದು ಪೆಟ್ಟಿಗೆ ಮೇಲೆ ವಿಳಾಸ ಬರೆದಿದ್ದು.

ಏನು ಬೇಕು? ನೀರಾ? ಅಲ್ವಾ? ಆ ಚೀಲವಾ? ಅದರಲ್ಲೇನಿದೆ, ಲಿಫ್ಟ್ ಮಾಮನ ಮೂಲ ಹಾಳೆಗಳು, ಅಚ್ಚಿನವರು ವಾಪಸ್ ಕೊಟ್ಟರು. ಅಚ್ಚಾದ ಪುಸ್ತಕವೇ ಇದೆಯಲ್ಲ, ಅವು ಯಾಕೆ? ಗಲೀಜು ಹಾಳೆ, ಬಿಳಿ ಬಣ್ಣ ಬಳಿದು ತಿದ್ದಿರೋದು... ಆಯ್ತು, ಆಯ್ತು, ಹಾಸಿಗೆ ಗುದ್ದಬೇಡ! ಕೊಡ್ತೀನಿ. ಜೀವಮಾನ ಪೂರ್ತಿ ಅಂಗಡಿ ಬೋರ್ಡು ಬರೆದೋನು, ನಿನಗೆ ಅಚ್ಚು ಹಿಡಿಸಲ್ಲ. ಕೈಯಲ್ಲಿ ಬರೆದಿದ್ದೇ ನೋಡಬೇಕು.

ಭೂತಗನ್ನಡಿ ಬೇರೆ ಬೇಕಾ? ತಗೋ. ನಾನೇ ಹಿಡ್ಕೊಳ್ತೀನಿ, ನೀನು ನೋಡು.

ಇದು ಬಾಗಿಲು ತೆರೆಯೋ ಪುಟ. ಲಿಫ್ಟ್ ನಿಂತಿದೆ, ಹೊರಗೆ ಮಹಡಿನೇ ಇಲ್ಲ, ಬರೀ ಕತ್ತಲೆ. ಪುಟ ತುಂಬಾ ಕತ್ತಲೆ. ಕರೀ ಬಣ್ಣ ಬಳಿದಿಲ್ಲ ನೋಡು, ಅಷ್ಟೂ ಗೆರೆ. ಸಣ್ಣ ಸಣ್ಣ ಗೆರೆ, ಒಂದರ ಪಕ್ಕ ಒಂದು. ಬಳಿದ ಕತ್ತಲೆ ಗೋಡೆ ಥರ ನಿಂತುಬಿಡುತ್ತೆ, ಗೆರೆ ಹಾಕಿದ್ರೆ ಉಸಿರಾಡುತ್ತೆ ಅನ್ನೋನು. ಅನ್ನೋನು ಅಂದ್ರೆ... ಅನ್ನುತ್ತಾನೆ.

ಬೆರಳು ಆಡಿಸು, ಪರವಾಗಿಲ್ಲ, ಇಂಕು ಒಣಗಿ ಎಷ್ಟೋ ಕಾಲ ಆಯ್ತು. ಅಣ್ಣನಂಥ ಎಡಗೈಯವನ ಗೆರೆ ಅಂದ್ರೆ ಎಡಗೈಯವನದೇ. ನಮ್ಮದು ಈ ಕಡೆ ವಾಲಿದ್ರೆ ಅವನದು ಆ ಕಡೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಮಳೆ ಚಿತ್ರ ಬರೆದಾಗ ನೀನು ನಗ್ತಿದ್ದೆ, ‘ಒಂದೇ ಮನೆ ಮಕ್ಕಳು, ಮಳೆಗೆ ಗಾಳಿ ಮಾತ್ರ ಬೇರೆ ಬೇರೆ’ ಅಂತ. ಇಲ್ಲಿ ನೋಡು, ಇಡೀ ಕತ್ತಲೆ ಅವನ ಕಡೆಗೇ ವಾಲಿದೆ. ಈ ಮೂಲೆಯಿಂದ ಆ ಮೂಲೆವರೆಗೂ... ಒಂದೇ ಓರೆ. ಅಲ್ವಾ? ಒಂದೇ ಅಲ್ವಾ ಅಪ್ಪ?

ಯಾಕೆ ನಿಲ್ಲಿಸಿದೆ?

ಮುಂದೆ ಹೋಗು. ಅಲ್ಲೇನಿದೆ? ಏನಿಲ್ಲ ಅಲ್ಲಿ. ಗೆರೆ ಪಕ್ಕ ಗೆರೆ. ಮಾಮನ ಭುಜದಿಂದ ಒಂದಿಷ್ಟು ಆಚೆ, ಬರೀ ಕತ್ತಲೆ. ಬೆರಳು ಸರಿಸು ಅಪ್ಪ, ಇನ್ನೂ ಎಷ್ಟು ಪುಟ ಇದೆ...

ಹಾಳೆ ಯಾಕೆ ತಿರುಗಿಸ್ತಿದ್ದೀಯ? ಅಡ್ಡಡ್ಡ ಹಿಡಿದರೆ ಚಿತ್ರ ಏನು ಗೊತ್ತಾಗುತ್ತೆ? ಸರಿಯಾಗಿ ಹಿಡಿ...

ಅಪ್ಪ.

ಹೂಂ. ಹಂಗೇ. ಹಂಗೇ ಅಡ್ಡ ತಿರುಗಿಸಿಕೊಂಡೇ ಹಾಕಿದ್ದು. ಬಲಗೈಯವಳು ಇನ್ಹೇಗೆ ಹಾಕ್ಲಿ? ಹಾಳೆ ತಿರುಗಿಸಿದ್ರೆ ಓರೆ ಸರಿಯಾಗುತ್ತೆ, ಗೆರೆ ಮುಗಿಯೋ ಕಡೆ ತೆಳ್ಳಗಾಗೋ ಬಾಲ ಸರಿಯಾಗಲ್ಲ. ಅವನ ಗೆರೆ ಮೇಲೆ ದಪ್ಪ, ಕೆಳಗೆ ಬಾಲ. ನನ್ನದು ಕೆಳಗೆ ದಪ್ಪ, ಬಾಲ ಮೇಲೆ. ಅಚ್ಚಿನವನಿಗೆ ಗೊತ್ತಾಗಲಿಲ್ಲ, ಕೊಂಡವರಿಗೆ ಗೊತ್ತಾಗಲಿಲ್ಲ. ನನಗೂ ಅರ್ಧ ಪುಟ ಮುಗಿದ ಮೇಲೇ ಗೊತ್ತಾಗಿದ್ದು. ಯಾರು ನೋಡ್ತಾರೆ ಕತ್ತಲೇನ ಅಂದ್ಕೊಂಡೆ.

ನೀನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಅಪ್ಪ. ನಿನ್ನ ಹತ್ತಿರ ಇದ್ದು, ಬಟ್ಟೆ ತಗೊಂಡು ಹೋಗೋಣ ಅಂತ ಮನೆಗೆ ಬಂದೆ. ಅಣ್ಣಾ, ಊಟಕ್ಕೆ ಬಾ ಅಂತ ಕೂಗಿದೆ. ಮೇಲೆ ಹೋದೆ. ಆ ಕುರ್ಚೀಲೇ... ತಲೆ ಮೇಜಿನ ಮೇಲೆ ಇಟ್ಟು ನಿದ್ದೆ ಮಾಡ್ತಿದಾನೆ ಅಂದ್ಕೊಂಡೆ. ಪೆನ್ನು ಕೈಯಲ್ಲೇ ಇತ್ತು. ಎದೆ ಬಡಿತ ನಿಂತುಹೋಗಿತ್ತು, ಅರ್ಧ ಮುಗಿದ ಇದೇ ಹಾಳೆ ಮೇಲೆ ಒಂದು ಚುಕ್ಕೆ ಇಂಕು ಚೆಲ್ಲಿರಲಿಲ್ಲ. ಅಷ್ಟು ಅಚ್ಚುಕಟ್ಟು ಅವನು.

ನಿನಗೆ ಎಚ್ಚರ ಆದಾಗ ಮೊದಲು ಕಣ್ಣಲ್ಲೇ ಅವನನ್ನ ಹುಡುಕಿದೆ. ಡಾಕ್ಟರ್ ನನ್ನ ಮುಖ ನೋಡಿದ್ರು. ನಾನೇನು ಹೇಳ್ಲಿ? ಕೆಲಸ ಸಿಕ್ತು, ಹೋದ ಅಂದೆ. ಆಮೇಲೆ ಹೋದವನು ಏನಾದ್ರೂ ಬರೀಬೇಕಲ್ಲ... ಬರೆದೆ. ನಿನ್ನ ಪಾಲಿಗೆ ಅವನು ಬದುಕಿರಬೇಕಿತ್ತು ಅಪ್ಪ. ಇಲ್ಲದಿದ್ರೆ ನೀನೂ ಹೋಗ್ತೀಯ ಅಂತ ಹೆದರಿದ್ದೆ. ಅವನ ಕುರ್ಚೀಲೇ ಕೂತೆ, ಅವನ ಪೆನ್ನೇ ಹಿಡಿದೆ. ಈಗ ನಾನು ಕೆಳಗಿದ್ರೂ ಆ ಕುರ್ಚಿ ಸದ್ದು ಮಾಡುತ್ತೆ. ನನಗೂ ಕೇಳಿಸುತ್ತೆ, ಸುಳ್ಳು ಹೇಳಿದೆ.

ಬೈಯಪ್ಪ. ಕಣ್ಣಲ್ಲಾದ್ರೂ ಬೈಯಿ. ನಿನಗೆ ಆಶ್ಚರ್ಯಾನೇ ಆಗಲಿಲ್ವಲ್ಲ...

ದಿಂಬಿನ ಕೆಳಗೆ ಏನು ತೆಗೀತಿದ್ದೀಯ? ಇದು ನಾನು ಮೊದಲು ತಂದುಕೊಟ್ಟ ಪ್ರತಿ. ಇದೇ ಪುಟ. ಮಾಮನ ಭುಜದ ಆಚೆ, ಇಲ್ಲಿ, ಬೆರಳು ಆಡಿಸಿ ಆಡಿಸಿ ಯಾಕೆ ಕಾಗದ ಸವೆದು ತೂತಾಗಿದೆ?

ಮೊದಲನೇ ದಿನದಿಂದಲೇ ಗೊತ್ತಾ?

ಮತ್ತೆ ವರ್ಷ ಪೂರ್ತಿ ನಾನು ತಂದು ತಂದು ತೋರಿಸಿದಾಗೆಲ್ಲ... ಬೆಕ್ಕಿಗೆ, ಕ್ಷೌರಿಕನಿಗೆ... ನೀನು ಯಾರಿಗೋಸ್ಕರ ನಗ್ತಿದ್ದೆ ಅಪ್ಪ?