ಎರಡನೇ ಗುಂಡಿ

...ಪಟ ಮಸುಕಾಗಿದೆ, ನನಗೂ ಕಾಣುತ್ತೆ ಅತ್ತಿಗೆ. ಇಷ್ಟು ವರ್ಷ ಇದೇ ಸ್ಟುಡಿಯೋದಲ್ಲಿ ಜನರ ಮುಖ ತೆಗೆದವಳು, ನನಗೆ ಕಾಣದೇ ಇರುತ್ತಾ? ಕನ್ನಡಕ ಒರೆಸ್ಬೇಡಿ, ತಪ್ಪು ನಿಮ್ಮ ಕನ್ನಡಕದ್ದಲ್ಲ. ಲೆನ್ಸಿಂದು. ನಿಮ್ಮ ತಮ್ಮನೂ ಅಷ್ಟೇ, ಒಂದು ಕಡೆ ನೆಟ್ಟಗೆ ಕೂರೋ ಪೈಕಿ ಅಲ್ಲ... ಆಗಿರ್ಲಿಲ್ಲ.

ಟೀ ತಗೊಳ್ಳಿ, ಆರಿಹೋಗುತ್ತೆ. ನನಗೆ ಬೇಡ. ಹಾಗೆ ನೋಡ್ಬೇಡಿ... ಅಳು ಬರ್ತಿಲ್ಲ, ಏನ್ಮಾಡ್ಲಿ? ಬೆಳಿಗ್ಗೆ ಶವದ ಪೆಟ್ಟಿಗೆ ಮೇಲೆ ಅನ್ನದ ಬಟ್ಟಲು ಇಟ್ಟೆ, ಮೊಟ್ಟೆ ಸುಲಿದು ಇಟ್ಟೆ, ಅನ್ನಕ್ಕೆ ಊಟದ ಕಡ್ಡಿ ನೆಟ್ಟೆ. ಬೇರೆ ಯಾರದೋ ಮನೆ ಕೆಲಸ ಮಾಡ್ದ ಹಾಗಿತ್ತು. ಪಟ ಇಡೋ ಜಾಗ ಮಾತ್ರ ಖಾಲಿ. ವಾದ್ಯದವರು ಬರೋ ಹೊತ್ತಾಯ್ತು, ಪಟ ಹಿಡ್ಕೊಂಡು ಪೆಟ್ಟಿಗೆ ಮುಂದೆ ನಡೀಬೇಕು. ಹುಯೆ ಊರಲ್ಲಿ ಅರ್ಧ ಮನೆಗಳಲ್ಲಿ ಸತ್ತ ಮೇಲೆ ಇಡೋ ಪೂಜೆ ಪಟ ನಾನೇ ತೆಗೆದದ್ದು. ಬೋರ್ಡಿನ ಮೇಲೆ 'ಖಾಯ್ ಸ್ಟುಡಿಯೋ' ಅಂತ ತಮ್ಮ ಹೆಸರು ಹಾಕಿಸ್ಕೊಂಡ ಇವರದ್ದೇ ಇಲ್ಲ. ನಗು ಬಂತಾ? ನಗಿ. ನಾನಾಗಿದ್ರೂ ನಗ್ತಿದ್ದೆ.

ಲೆನ್ಸಿನ ಕಿಂಡಿ ಪೂರ್ತಿ ತೆರೆದು ತೆಗೆದೆ, ಅದಕ್ಕೇ ಹೀಗೆ. ತೆರೆದಷ್ಟೂ ಫೋಕಸ್ ಬಿದ್ದ ಜಾಗ ಮಾತ್ರ ಸ್ಪಷ್ಟ. ಅದರ ಮುಂದಿಂದು, ಹಿಂದಿಂದು ಎಲ್ಲ ಕರಗಿಹೋಗುತ್ತೆ. ಮದುಮಗಳಿಗೆ ಹಾಗೇ ತೆಗೀತೀನಿ. ಕಣ್ಣೆರಡು ಮಿನುಗ್ತವೆ, ಹಿಂದೆ ಒಣಹಾಕಿದ ಬಟ್ಟೆ, ತಗಡಿನ ಗೋಡೆ, ಅತ್ತೆಯ ಮುಖ, ಎಲ್ಲಾ ಮಾಯ! ಪೂಜೆ ಪಟಕ್ಕೆ ಮಾತ್ರ ಕಿಂಡಿ ಚಿಕ್ಕದು ಮಾಡ್ಬೇಕು. ಮೂಗಿನ ತುದಿಯಿಂದ ಕಿವಿವರೆಗೂ ಚೊಕ್ಕ ಬರ್ಬೇಕು. ಮುಂದೆ ಹುಟ್ಟೋ ಮಕ್ಕಳು ಗುರುತು ಹಿಡೀಬೇಕಲ್ಲ...

ಏನು? ಗೊತ್ತಿದ್ದೂ ಯಾಕೆ ಅಂತಾನಾ? ಮರೆತೆ. ಡಾಕ್ಟರು ಇನ್ನೇನೂ ಮಾಡೋಕಾಗಲ್ಲ ಅಂದ ವಾರ ಅದು. ಇವರು ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕ್ಕೊಂಡು ಬಂದು, "ದಿಯೆಪ್, ನನ್ನ ಪೂಜೆ ಪಟ ತೆಗೆದುಬಿಡು, ಕೆನ್ನೆಯಲ್ಲಿ ಮಾಂಸ ಇರುವಾಗ್ಲೇ" ಅಂತ ಸ್ಟೂಲ್ ಮೇಲೆ ಕೂತ್ರು. ತಮಾಷೆಗೆ ಅಂದ ಹಾಗೆ. ನನ್ನ ಕೈ ನಡುಗ್ತು. ಅಷ್ಟೇ.

ಆ ಡ್ರಾಯರಲ್ಲಿ ಇನ್ನೇನಿಲ್ಲ ಅತ್ತಿಗೆ. ಹಳೇವು... ತೆಗೀಬೇಡಿ ಅಂದ್ನಲ್ಲಾ!

...ಹೌದು. ಆಮೇಲೂ ಎರಡು ಸಲ ಕೂತ್ರು. ಅದೇ ಶರ್ಟು. ಯಾಕೆ ಸಾಲಾಗಿ ಜೋಡಿಸ್ತಿದ್ದೀರಿ? ಮೂರೂ ಮಸುಕೇ. ಬೆರಳು ಎಲ್ಲಿಟ್ರಿ... ಹೂಂ. ಗುಂಡಿ. ಶರ್ಟಿನ ಎರಡನೇ ಗುಂಡಿ. ದಾರದ ಎಳೆ ಎಣಿಸ್ಬಹುದು, ಅಷ್ಟು ಸ್ಪಷ್ಟ. ಮೂರರಲ್ಲೂ.

ಬೈಯಿರಿ ಬೇಕಾದ್ರೆ.

...ಸರಿ. ನಡುಗೋ ಕೈ ಮೂರು ಸಲವೂ ಒಂದೇ ಗುಂಡಿ ಹುಡುಕ್ಕೊಂಡು ಹೋಗಲ್ಲ. ಬೇಕಂತ್ಲೇ ಮುಖ ಬಿಟ್ಟು ಗುಂಡಿಗೆ ಫೋಕಸ್ ಇಟ್ಟೆ. ಪಟ ಆಗಿಬಿಟ್ರೆ ಎಲ್ಲಾ ತಯಾರಾದ ಹಾಗೆ, ಹೊರಟೇಬಿಡ್ತಾರೆ ಅಂತ... ಆಗದಿದ್ರೆ ಮತ್ತೆ ಬಂದು ಕೂರ್ಬೇಕಲ್ಲ? ಕೂರೋಕಾದ್ರೂ ಇರ್ತಾರೆ ಅಂತ. ತಲೆ ಕೆಟ್ಟಿತ್ತು ಅನ್ಕೊಳ್ಳಿ. ಪ್ರತಿ ಸಲವೂ ನೋಡಿ, "ಇನ್ನೊಂದ್ಸಲ ತೆಗೆದ್ರಾಯ್ತು ಬಿಡೇ" ಅನ್ನೋರು. ಕೈ ನಡುಗ್ತು ಅನ್ನೋ ನನ್ನ ಮಾತು ನಂಬಿದ್ರು, ಪಾಪ.

ಯಾಕೆ ತಲೆ ತಗ್ಗಿಸಿದ್ರಿ?

ತಡೀರಿ... ಈ ಕೊನೇದು ಕೊಡಿ ಇಲ್ಲಿ. ಗುಂಡಿ ಬೇರೆ ಇದು. ಚಿಪ್ಪಿಂದು, ಹೊಸದು. ನಾನು ಹೊಲಿದದ್ದಲ್ಲ. ದಾರ ಅಡ್ಡಡ್ಡ ಹಾಕಿ, ಬುಡಕ್ಕೆ ಸುತ್ತಿ... ಹೀಗೆ ಹೊಲಿಯೋದು ನೀವು. ಅತ್ತಿಗೆ? ನಿಮ್ಮ ಹತ್ರ ಬಂದು ಹೊಲಿಸ್ಕೊಂಡು ಹೋದ್ರಾ? ಬೇರೆ ಗುಂಡಿ ಎಲ್ಲ ಹಾಗೇ ಬಿಟ್ಟು, ಇದೊಂದನ್ನೇ? ಏನಂತ ಹೇಳಿದ್ರು ನಿಮಗೆ?

ಹೇಳಿ ಅತ್ತಿಗೆ...

ಬೇಡ, ಹೇಳ್ಬೇಡಿ. ನಾನು ಫೋಕಸ್ ಗುಂಡಿಗೆ ಇಡೋದು ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ಬಂದು ಕೂತ್ರು.