ಒಳಗಿನ ಬನಿಯನ್

ಉಬಿ ಬಡಾವಣೆಯ ಚಳಿಬಟ್ಟೆ ಅಂಗಡಿಯ ಕೌಂಟರ್ ಸಾಲಿನಲ್ಲಿ ನಿಂತಿದ್ದ ಜ್ಯೋತ್ಸ್ನಾಳ ಕಿವಿಗೆ ಮುಂದಿದ್ದ ಗಂಡಹೆಂಡಿರ ಕನ್ನಡ ಬಿತ್ತು.

“ಸಿದ್ಧಾಂತ್ ಈ ವುಲನ್ ಇನ್ನರ್ ಓಪನ್ನೇ ಮಾಡಿಲ್ಲ ನೋಡಿ,” ಎಂದಳು ಹೆಂಡತಿ.

“ಅದು ಚುಚ್ಚುತ್ತೆ, ಒಳಗೆ ಕಾಟನ್ ಬನಿಯನ್ ಹಾಕ್ಕೊಂಡು ಮೇಲೆ ಸ್ವೆಟರ್, ಜಾಕೆಟ್ ಹಾಕ್ಕೋ ಅಂತ ಮಗನಿಗೆ ಹೇಳಿದ್ದು ನಾನು.”

“ನ್ಯೂಜಿಲೆಂಡಿಗೆ ಜಿಂಕೆ ಬೇಟೆಗೆ ಹೋಗ್ಲೇಬೇಕು ಅಂತ ಹಠ ಹಿಡಿದಿದ್ದು ಅವನೇ ಅಲ್ವಾ?”

“ಬೆಟ್ಟ ಹತ್ತಿ ಬೆವತಿದಾನೆ. ಆಮೇಲೆ ಜಿಂಕೆ ಕಾಯ್ತಾ ಹಿಮದಲ್ಲಿ ಅಲ್ಲಾಡದೆ ಕೂತಿದಾನೆ. ಕಾಟನ್ ಒದ್ದೆಯಾದ್ರೆ ಮೇಲೆ ಎಷ್ಟು ಹಾಕಿದ್ರೂ ಮೈ ಬೆಚ್ಚಗಾಗಲ್ಲ ಅಂದ್ರು ನ್ಯೂಜಿಲೆಂಡ್ ಡಾಕ್ಟರ್.”

“ಚಳೀಲಿ ಅವನ ಜೀವ ಹೋಯ್ತು. ನೀವೇನು ಮಾಡ್ತೀರಿ?”

“ಬನಿಯನ್ ಇಸ್ತ್ರಿ ಮಾಡಿ ಇಟ್ಟಿದ್ದೂ ನಾನೇ, ಪದ್ಮಿನಿ.”

ಜ್ಯೋತ್ಸ್ನಾ ಒಂದು ಹೆಜ್ಜೆ ಹಿಂದೆ ಸರಿದಳು.

ಕೌಂಟರಿನ ಹುಡುಗಿ ಅವರು ವಾಪಸ್ ಕೊಡಲು ತಂದ ಇನ್ನರ್ ಪ್ಯಾಕೆಟ್ ತಿರುಗಿಸಿ ನೋಡಿ, “ಸೈಜ್ ರಾಂಗ್ ಆ, ಆಂಟಿ?” ಎಂದಳು.

“ಸೈಜ್ ಕರೆಕ್ಟ್,” ಎಂದ ಪದ್ಮಿನಿ, ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಗಂಡನ ತೋಳು ಹಿಡಿದು ಹೊರಟಳು.