ಪೋಸ್ಟರಿನಲ್ಲಿ ಇಲ್ಲದ ಮೇಷ್ಟ್ರು

ಸೌದಿಯ ಯಾನ್ಬುವಿನ ಬಸ್ ನಿಲ್ದಾಣದಲ್ಲಿ ಮದೀನಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮಂಗಳೂರು ಕಡೆಯ ಮಾತು ಕೇಳಿಸಿತು. ಯುವಕನೊಬ್ಬ ಹಿರಿಯರಿಗೆ ಮೊಬೈಲು ತೋರಿಸುತ್ತಿದ್ದ.

"ನೋಡಿ ಕಾಕ, ನಾನು ಕಲಿಸ್ಲಿಕ್ಕೆ ಹೋಗುವ ಚೀನಾದ ಇಂಗ್ಲಿಷ್ ಸೆಂಟರಿನವರು ನನ್ನ ಪೋಸ್ಟರ್ ಹಾಕಿದ್ದಾರೆ."

"ಹೆಸರು ನಿಂದೇ ಝುಹೈರ್. ಮಕ್ಕಳ ಮುಂದೆ ನಿಂತ ಈ ಬಿಳಿಯ ಯಾರು ಮಾರಾಯ?"

"ಪ್ರಿಂಟಿನವರ ತಪ್ಪು ಆಗಿರ್ಬೇಕು."

"ತಪ್ಪಲ್ಲ. ನಾನು ಚೀನಾದ ಇನ್ನೊಂದು ಸೆಂಟರಲ್ಲಿ ಕಲಿಸ್ತಿದ್ದಾಗ್ಲೂ ಹೀಗೇ. ತಂದೆತಾಯಿ ಕ್ಲಾಸ್ ನೋಡ್ಲಿಕ್ಕೆ ಬಂದ್ರೆ ಬಿಳಿ ಮುಖ ಬೇಕು ಅಂತ ಒಬ್ಬ ರಷ್ಯಾದವನನ್ನು ನಿಲ್ಲಿಸ್ತಿದ್ರು. ಅವನಿಗೆ ಇಂಗ್ಲಿಷೇ ಬರ್ತಿರ್ಲಿಲ್ಲ. ನಾನು ಸ್ಟೋರ್ ರೂಮಲ್ಲಿ ಕೂತ್ಕೊಳ್ಬೇಕಿತ್ತು."

"ಮತ್ತೆ?"

"ಒಂದು ದಿನ ಹೋದ್ರೆ ಸೆಂಟರಿಗೇ ಬೀಗ. ನೀನು ಹೋಗ್ಬೇಡ."

"ದೇಶ ಬಿಡ್ಲಿಕ್ಕೆ ಫೈನಲ್ ಎಕ್ಸಿಟ್ ಆಗಿದೆ ಕಾಕ, ಇಲ್ಲಿರುವ ಪರ್ಮಿಟ್ಟು, ಇಕಾಮಾ, ಮುಗೀತು. ಇಲ್ಲಿನ ಶಾಲೆಯಲ್ಲಿ ನನ್ನ ಜಾಗಕ್ಕೆ ಬೇರೆ ಮೇಷ್ಟ್ರು ಬಂದಾಯ್ತು."

"ಊರಲ್ಲಿ ನಿನ್ನ ಉಮ್ಮನಿಗೆ ಗೊತ್ತುಂಟಾ?"

"ಪೋಸ್ಟರ್ ಕಳಿಸಿದ್ದೆ. ಇದ್ರಲ್ಲಿ ನೀನೆಲ್ಲಿ ಅಂತ ಕೇಳಿದ್ರು."

"ಎಂತ ಹೇಳಿದೆ?"

"ಮಕ್ಕಳ ಹಿಂದೆ ಇದ್ದೇನೆ, ಕಾಣೋದಿಲ್ಲ ಅಂದೆ."

ಜಿದ್ದಾ ವಿಮಾನ ನಿಲ್ದಾಣದ ಬಸ್ಸು ಬಂತು. ಹಿರಿಯರು ಅವನ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.